ಹಿಂದಿನ ಬೆಂಚಿನ ಉತ್ತರ

ಕಲ್ಯಾಣ
20 ಜುಲೈ 2025, ಭಾನುವಾರ

ಪ್ರೀತಿಯ ಹರಿಣಾಕ್ಷಿ,

ನಿನ್ನ ಫೋನು ಎತ್ತದೆ ಸತಾಯಿಸಿದ್ದಕ್ಕೆ ಮೊದಲು ಬೈದು ಮುಗಿಸು, ಆಮೇಲೆ ಓದು. ಒಂದೇ ಮುಂಬಯಿ ಸೀಮೆಯ ನೆರೂಳಿಗೂ ಕಲ್ಯಾಣಕ್ಕೂ ನಡುವೆ ಅಂಚೆ ಪತ್ರವೇ ಎಂದು ನೀನು ನಗುವುದು ಗೊತ್ತು. ಟೀಚರ್ ಟ್ರೈನಿಂಗಿನ ಕಾಲದಿಂದ ನನ್ನ ತಲೆಬಿಸಿಯನ್ನೆಲ್ಲ ಹೊತ್ತವಳು, ಇದನ್ನೂ ಹೊರು.

ಈ ವರ್ಷ ನಮ್ಮ ಕನ್ನಡ ಶಾಲೆಯ ಟೀಚರುಗಳೆಲ್ಲ ತಮ್ಮ ತಮ್ಮ ತರಗತಿಯ ಬಗ್ಗೆಯೇ ಸಂಶೋಧನೆ ಮಾಡಬೇಕಂತೆ. ಅದಕ್ಕೊಂದು ಪ್ರಶ್ನೆ ಬೇಕು. ನಾನು ಠೀವಿಯಿಂದ ಬರೆದುಕೊಟ್ಟೆ: "ಆರನೆಯ ತರಗತಿಯ ಹಿಂದಿನ ಬೆಂಚಿನ ಮಕ್ಕಳು ಯಾಕೆ ಉತ್ತರ ಕೊಡುವುದಿಲ್ಲ?" ಅಲ್ಲಿ ಕೂರುವವರು ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಸಂಕೋಚ ಜಾಸ್ತಿ, ಮನೆಯಲ್ಲಿ ಓದಿಸುವವರಿಲ್ಲ ಎಂದು ಕಾರಣವನ್ನೂ ನಾನೇ ಸೇರಿಸಿದ್ದೆ. ಮಾರ್ಗದರ್ಶನಕ್ಕೆ ಥಾಣೆಯಿಂದ ಬರುವ ರಾಜಶೇಖರ ಸರ್ ಕಾಗದವನ್ನು ವಾಪಸು ಕೊಟ್ಟರು.

"ಇದ್ರಾಗ ನೀವು ಎಲ್ಲಿ ಅದೀರಿ, ಟೀಚರ್? ಉತ್ತರ ಮೊದ್ಲ ಬರದು ಆಮ್ಯಾಲೆ ಪ್ರಶ್ನಿ ಕೇಳೀರಿ. ನೀವು ಏನು ಬದಲಿ ಮಾಡಬಹುದು, ಅದನ್ನ ಕೇಳ್ರಿ."

ನನಗೆ ಮೈಯೆಲ್ಲ ಉರಿಯಿತು. ಮಕ್ಕಳ ಮೌನಕ್ಕೆ ಸಾಕ್ಷಿ ಇರಲಿ ಎಂದು ಪಕ್ಕದ ತರಗತಿಯ ಟೀಚರ್ ವೈಶಾಲಿಯನ್ನು ಒಂದು ಪೀರಿಯಡ್ ಹಿಂದೆ ಕೂರಿಸಿದೆ. ಪಾಠ ಮುಗಿದ ಮೇಲೆ ಅವಳು ನನ್ನ ಎದುರಿಗೇ ಬಂದು ನಿಂತಳು.

"ಜಯಕ್ಕಾ, ಅವ್ರು ಉತ್ತರ ಕೊಟ್ರಲ್ಲ. ದಾನಮ್ಮ ಎರಡು ಸಲ ಬರೋಬರ್ ಹೇಳಿದ್ಲು. ನೀವು 'ಬೇರೆ ಯಾರಿಗಾದ್ರೂ ಗೊತ್ತಾ' ಅಂತ ಮುಂದ ಹೋದ್ರಿ."

ಮಾರನೆಯ ದಿನ ದಾನಮ್ಮನನ್ನು ಹತ್ತಿರ ಕರೆದು, ಜೋರಾಗಿ ಯಾಕೆ ಹೇಳುವುದಿಲ್ಲ ಎಂದು ಕೇಳಿದೆ.

"ನಾವ್ ಹೇಳಿದ್ದು ನಿಮಗ ಸೇರಂಗಿಲ್ಲಲ್ರಿ, ಟೀಚರ್. ಅದಕ್ಕ ಒಬ್ಬೊಬ್ಬರೇ ಸುಮ್ಮನಾಗೀವಿ."

ಅವಳ ತುಟಿಯನ್ನೇ ನೋಡುತ್ತಿದ್ದುದರಿಂದ ಪೂರ್ತಿ ತಿಳಿಯಿತು.

ಥಾಣೆಯ ನೌಪಾಡಾದ ಡಾಕ್ಟರು ನನ್ನ ಎರಡೂ ಕಿವಿ ಪರೀಕ್ಷೆ ಮಾಡಿದರು. ಮೆಷಿನ್ ಹಾಕಿದರೆ ಸ್ವಲ್ಪ ಅನುಕೂಲ, ಹೋದದ್ದು ಬರುವುದಿಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಹೊರಗೆ ಬಂದು ಸ್ಟೇಷನ್ ರಸ್ತೆಯಲ್ಲಿ ನಿಂತು ಅತ್ತೆ, ಹರಿಣಿ. ನಾಚಿಕೆಯೂ ಆಗಲಿಲ್ಲ.

ಈಗ ನನ್ನ ಹತ್ತಿರ ಒಳ್ಳೆಯ ಪ್ರಶ್ನೆಯಿದೆ. "ಕಿವಿ ಮಂದವಾಗಿರುವ ನಾನು ಪಾಠದ ರೀತಿಯಲ್ಲಿ ಏನು ಬದಲಿಸಿದರೆ ಹಿಂದಿನ ಬೆಂಚಿನ ಉತ್ತರ ನನಗೆ ಮುಟ್ಟುತ್ತದೆ?" ರಾಜಶೇಖರ ಸರ್ ಖುಷಿಪಟ್ಟಾರು. ಆದರೆ ಮುಂದಿನ ವಾರ ಇದನ್ನು ಆಡಳಿತ ಮಂಡಳಿಯ ಎದುರು ಓದಬೇಕು. ನಮ್ಮ ಶಾಲೆಯ ಅಂಬಾದಾಸ ಮಾಸ್ತರರ ಕಣ್ಣು ಮಂಜಾದಾಗ ಅವರ ತರಗತಿ ಕಿತ್ತುಕೊಂಡು ಆಫೀಸಿನ ಮೂಲೆಯಲ್ಲಿ ಕೂರಿಸಿದರು. ಆ ವರ್ಷದ ದೀಪಾವಳಿ ರಜೆ ಮುಗಿದರೂ ಅವರು ತಿರುಗಿ ಬರಲಿಲ್ಲ. ನನಗೆ ಆ ತರಗತಿ ಬಿಟ್ಟರೆ ಬೇರೆ ಏನಿದೆ ಹೇಳು. ಸುಳ್ಳು ಪ್ರಶ್ನೆ ಬರೆದರೆ ತರಗತಿ ಉಳಿಯುತ್ತದೆ, ದಾನಮ್ಮ ಮಾತ್ರ ಹಾಗೇ ಬಾಯಿ ಮುಚ್ಚಿ ಕೂರುತ್ತಾಳೆ. ಯಾವುದನ್ನು ಓದಲಿ? ನನಗೆ ದಿಕ್ಕೇ ತೋಚುತ್ತಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ
ಜಯಲತಾ

ಮರೆತ ಮಾತು: ಓದಿದ ಕೂಡಲೇ ಫೋನು ಮಾಡಬೇಡ, ಬರೆ. ಹೋದ ತಿಂಗಳು ನೀನು ತುಂಬ ಹೊತ್ತು ಮಾತಾಡಿದೆಯಲ್ಲ, ಆಗ ನಿನ್ನ ದನಿ ಒಡೆದದ್ದು ಕೇಳಿತು, ಮಾತು ಕೇಳಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಕೊನೆಯವರೆಗೂ ಹೂಂ ಹೂಂ ಎಂದೆ. ಅವತ್ತು ನೀನು ಯಾಕೆ ಅಳುತ್ತಿದ್ದೆ?