ಹಿತಕಿದ ಬೇಳೆಯ ಪಕ್ಕದಲ್ಲಿ ಬೇರಿಂಗ್

ಜನವರಿ 18, ಭಾನುವಾರ

ಆತ್ಮಸಾಕ್ಷಿಯಾಗಿ ತಪ್ಪೊಪ್ಪಿಕೊಳ್ಳುತ್ತೇನೆ: ಹೆಂಡತಿ ರಮ್ಯಾ ಫ್ರೀಜರಿನಲ್ಲಿ ಕಾಪಿಟ್ಟಿದ್ದ ಹಿತಕಿದ ಅವರೆಬೇಳೆಯನ್ನು ಮೂಲೆಗೊತ್ತಿ, ಕಾರಿನ ಹೊಸ ಬೇರಿಂಗ್ ಇಟ್ಟವನು ನಾನೇ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗಿ ಚಕ್ರದ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ. ಕೂತಿತು! ಮೆಕ್ಯಾನಿಕ್ಕಿಲ್ಲದೆ, ನಮ್ಮ ಮನೆಯಂಗಳದಲ್ಲೇ.

"ಅಳಿಯಂದ್ರೆ, ಮುಂದಿನ್ ಚಕ್ರ ಗುಂಯ್ ಅಂತೈತೆ. ಕಾಲೇಜಲ್ಲಿ ಪಾಠ ಹೇಳೋರ್ ಕೈಲಿ ರಿಪೇರಿ ಆಯ್ತದಾ?" ಎಂದು ಬೆಳಿಗ್ಗೆ ಕೆಣಕಿದ್ದ ಮಾವ ಮುನಿಶಾಮಯ್ಯನವರನ್ನು ಸಂಜೆ ಅದೇ ಕಾರಿನಲ್ಲಿ ವಿರೂಪಾಕ್ಷಿಪುರಕ್ಕೆ ಬಿಟ್ಟುಬಂದೆ.

ಇಳಿಯುವಾಗ, "ಗಾಡಿ ಸದ್ದು ಹೋಯ್ತು ಅಳಿಯಂದ್ರೆ, ನಿಮ್ದು ಮಾತ್ರ ನಿಲ್ಲಿಲ್ಲ!" ಎಂದು ಬೆನ್ನು ತಟ್ಟಿದರು. ಪಿಎಚ್.ಡಿ. ಬಂದ ದಿನವೂ ನನಗೆ ನಾನು ಇಷ್ಟು ಡಾಕ್ಟರ್ ಅನ್ನಿಸಿರಲಿಲ್ಲ.

ಆದರೆ ದಾರಿಯುದ್ದಕ್ಕೂ ನಾನು ಗಂಟಲು ಹರಿಯುವಂತೆ ಹಾಡಿದ್ದು ಖುಷಿಗಲ್ಲ. ಸವೆದಿದ್ದದ್ದು ಬಲಗಡೆಯ ಬೇರಿಂಗ್. ನಾನು ಬದಲಾಯಿಸಿದ್ದು ಎಡಗಡೆಯದು.