ಅಮ್ಮನ ಹಾಡಿನ ಮೇಲೆ ನಿನ್ನ ದನಿ

ಅಪ್ಪ,

ತೀರ್ಥರೂಪ ಎಂದು ಬರೆಯಲು ಕೈ ಬರಲಿಲ್ಲ. ನೀನು ಸತ್ತರೂ ನಿನ್ನ ಬಾಯಿ ಸತ್ತಿಲ್ಲ.

ನನ್ನ ನಾಮಕರಣದ ವಿಡಿಯೊ ಕ್ಯಾಸೆಟ್ಟನ್ನು ಡಿವಿಡಿ ಮಾಡಿಸಲು ಇವತ್ತು ಅಮ್ಮನ ಜೊತೆ ವಿಜಯಪುರದ ಸ್ಟುಡಿಯೊಗೆ ಹೋಗಿದ್ದೆ. ಟೇಪಿನ ದನಿಯನ್ನು ಕಂಪ್ಯೂಟರಿಗೆ ಇಳಿಸಿದಾಗ, ತೊಟ್ಟಿಲು ತೂಗುತ್ತಾ ಅಮ್ಮ ಹಾಡುತ್ತಿದ್ದದ್ದು ಕೇಳಿಸಿತು. ಅವಳಿಗೆ ಹಾಡು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಹಿಂದಿನಿಂದ ನೀನು ಕೂಗಿದೆ: "ಸಾಕು ನಿಲ್ಸೇ, ಜನ ನಗ್ತಾವ್ರೆ." ಅಮ್ಮ ಬಾಯಿ ಮುಚ್ಚಿದಳು. ಆಮೇಲೆ ನಿನ್ನ ಮನೆಯಲ್ಲಿ ಹಾಡಲೇ ಇಲ್ಲವಂತೆ.

"ಆ ಮಾತು ತೆಗೆದುಬಿಡಿ" ಎಂದೆ.

"ತೆಗೀಬೋದು ಮೇಡಂ, ಆದ್ರೆ ಹಾಡು ಅರ್ಧಕ್ಕೇ ನಿಂತೋಗುತ್ತೆ. ಸಿನಿಮಾ ಹಾಡು ಹಾಕ್ಲಾ?" ಎಂದರು ಸ್ಟುಡಿಯೊದ ಚಲಪತಿ.

ಅಮ್ಮ ಎದ್ದು ನಿಂತಳು. "ಯಾರ್ ಹಾಡೂ ಬ್ಯಾಡ. ಮೈಕ್ ಐತೇನಪ್ಪಾ? ಮಿಕ್ಕಿದ್ದು ನಾನೇ ಹೇಳ್ತೀನಿ."

ಹೇಳಿದಳು. ಗಂಟಲು ಒಡೆದಿತ್ತು, ಆದರೆ ಒಂದು ಸಾಲೂ ಮರೆತಿರಲಿಲ್ಲ. ಡಿವಿಡಿಯಲ್ಲಿ ಈಗ ನಿನ್ನ ಸೊಲ್ಲಿಲ್ಲ.

ಅಳಿಸುವ ಮುಂಚೆ, ಅಮ್ಮ ನೀರು ಕುಡಿಯಲು ಹೊರಗೆ ಹೋಗಿದ್ದಾಗ, ಅದನ್ನು ಇನ್ನೊಮ್ಮೆ ಹಾಕಿಸಿ ಕೇಳಿದೆ. ನಿನ್ನ ದನಿ ಆಗ ಅಷ್ಟು ಎಳೆಯದಾಗಿತ್ತು.

ರಮ್ಯ