ಹಲ್ಲಿಯಲ್ಲ, ಕಪ್ಪೆ

ಕುಂದಲಹಳ್ಳಿ
ಭಾನುವಾರ ಬೆಳಿಗ್ಗೆ

ಕೆಳಗಿನ ಮನೆಯ ಅನುಸೂಯಕ್ಕನಿಗೆ, ಮಹಡಿಯಿಂದ ವನಜಾಳ ನಮಸ್ಕಾರ.

ಎದುರಿಗೆ ಹೇಳಲು ಹೋದರೆ ನಗು ಬಂದೀತೆಂದು ಬರೆಯುತ್ತಿದ್ದೇನೆ. ನಿನ್ನೆ ಮೆಟ್ಟಿಲ ಮೇಲೆ ನೀವು ಮನೆ ಖಾಲಿ ಮಾಡಲು ಹೇಳಿದಿರಿ. ಕಾರಣ ಕೇಳಿದರೆ, "ನಂದೇನೈತೆ ಮೇಡಂ, ಮೇಲಿನ ಮನೇನ ನಮ್ ತಮ್ಮ ಮುರಳಿಗೆ ಬಿಡ್ಸಿಕೊಡಾನಾ ಅಂತ ಇವರ್ನ ಕೇಳ್ತಿದ್ದೆ. ಆಗ್ಲೇ ಮೇಲ್ಗಡೆ ಹಲ್ಲಿ ಲೊಚಲೊಚ ಅಂತು. ಹಲ್ಲಿ ನುಡಿದ್ಮೇಲೆ ಮುಗೀತು" ಎಂದಿರಿ.

ಅಕ್ಕಾ, ಅದು ಹಲ್ಲಿಯಲ್ಲ, ಕಪ್ಪೆ. ನನ್ನ ಕಂಪ್ಯೂಟರಿನಲ್ಲಿರುವ ಕಪ್ಪೆಯ ಕೂಗು. ಹೋದ ಮಳೆಗಾಲದಲ್ಲಿ ಘಟ್ಟದ ತೊರೆಯೊಂದರಲ್ಲಿ ಅದು ನನಗೆ ಸಿಕ್ಕಿತು. ನೋಡಲು ಈಗಾಗಲೇ ಹೆಸರಿರುವ ಇನ್ನೊಂದು ಜಾತಿಯಂತೆಯೇ ಇದೆ. ಆದರೆ ಆ ಕಪ್ಪೆ ಮೂರು ಸಲ ಲೊಚಗುಟ್ಟಿ ಸುಮ್ಮನಾಗುತ್ತದೆ. ಇದು ತುಸು ತಡೆದು, ಹೇಳಲೋ ಬೇಡವೋ ಎಂಬಂತೆ, ನಾಲ್ಕನೆಯದನ್ನೂ ಹೇಳುತ್ತದೆ. ಇದು ಹೊಸ ಜಾತಿಯೆಂದು ತೋರಿಸಲು ಆ ನಾಲ್ಕನೆಯದನ್ನೇ ದಿನವಿಡೀ ಕೇಳಿ ಅಳೆಯುತ್ತಿದ್ದೇನೆ. ಅದು ಹೆಣ್ಣನ್ನು ಕರೆಯುವ ಕೂಗು. ನಿಮ್ಮ ತಮ್ಮನ ವಿಷಯ ಅದಕ್ಕೆ ಏನೂ ಗೊತ್ತಿಲ್ಲ.

ಕಪ್ಪೆಯ ವಿವರ ಬರೆದು ವಿಜ್ಞಾನ ಪತ್ರಿಕೆಗೆ ಕಳುಹಿಸಲು ಇನ್ನೆರಡು ತಿಂಗಳು ಬೇಕು. ಈಗ ಮನೆ ಬದಲಿಸಿದರೆ ಕೆಲಸ ನಿಂತುಹೋಗುತ್ತದೆ. ಅಲ್ಲಿಯವರೆಗಾದರೂ ಇರಲು ಬಿಡಿ. ಇನ್ನು ಮುಂದೆ ಹೆಡ್‌ಫೋನ್ ಹಾಕಿಕೊಂಡೇ ಕೇಳುತ್ತೇನೆ.

ನಂಬಿಕೆ ಬಾರದಿದ್ದರೆ ಸಂಜೆ ಕಾಫಿಗೆ ಮೇಲೆ ಬನ್ನಿ, ನಿಮಗೂ ಕೇಳಿಸುತ್ತೇನೆ. ಅದು ಕೂಗುವಾಗ ಮಾತ್ರ ದಯವಿಟ್ಟು ಮನೆಯ ಮಾತು ಎತ್ತಬೇಡಿ.

ಇನ್ನೂ ನಿಮ್ಮ ಮಹಡಿಯಲ್ಲೇ ಇರುವ,
ವನಜಾ